ಜಲನಗರದ ಸೀರೆ, ತಿಕೋಟಾದ ಕೌದಿ

ಬೆಳಗಿನ ಏಳು ಗಂಟೆಗೆ ಜಲನಗರದ ನಮ್ಮ ಮನೆಯ ಮುಂದೆ ಆಟೊ ಹತ್ತಿದಾಗ ನನ್ನ ಜೊತೆ ಮೂವತ್ತೆಂಟು ಹಳೆಯ ಸೀರೆಗಳಿದ್ದವು. ಓಣಿಯ ಹೆಂಗಸರಿಂದ ಬೇಡಿ ತಂದವು. ನಿವೃತ್ತ ಗುಮಾಸ್ತನೊಬ್ಬ ಮನೆಮನೆಗೆ ಹೋಗಿ ಹಳೆ ಸೀರೆ ಕೇಳಿದರೆ ಏನಾಗಬೇಕೋ ಅದೆಲ್ಲ ಆಯಿತು. ಎದುರು ಮನೆಯಾಕೆ, "ಹಳೇ ಸೀರಿಗೆ ಭಾಂಡೆ ಕೊಡೂ ವ್ಯಾಪಾರ ಯಾವಾಗ ಸುರು ಮಾಡೀರಿ ಸರ್? ನನಗೊಂದು ಸ್ಟೀಲಿನ ಬೋಗಾಣಿ ಕೊಡ್ರಿ ಮತ್ತ" ಎಂದಳು. ನಗುವ ಹೊತ್ತಾಗಿರಲಿಲ್ಲ, ಆದರೂ ನಕ್ಕೆ.

ಹೊಗೆ ಬಂದು ಅಂದಿಗೆ ಐದನೇ ದಿನ. ಬಬಲೇಶ್ವರದ ಕಡೆ ಬೀಳುಬಿದ್ದ ಮಡ್ಡಿಯ ಒಣ ಹುಲ್ಲಿಗೆ ಹೇಗೋ ಬೆಂಕಿ ಹತ್ತಿ, ಅದು ಕಬ್ಬು ಕಡಿದ ಹೊಲಗಳ ಒಣ ಎಲೆಗೆ, ಅಂದರೆ ರವದಿಗೆ, ಹಬ್ಬಿತ್ತು. ಒಂದೆಡೆ ಆರಿಸಿದರೆ ಇನ್ನೊಂದೆಡೆ ಏಳುತ್ತಿತ್ತು. ವಿಜಯಪುರದಲ್ಲೂ ಒಣಹಾಕಿದ ಬಟ್ಟೆಯ ಮೇಲೆ ಕರಿ ಎಳೆಗಳು ಬೀಳುತ್ತಿದ್ದವು. ನನ್ನ ಹೆಂಡತಿ ಸುಮಂಗಲಾ ಮಾಳಿಗೆಯ ಮೇಲೆ ಸಂಡಿಗೆ ಹಾಕುವುದನ್ನು ಬಿಟ್ಟಿದ್ದಳು. ಓಣಿಯ ಮಕ್ಕಳು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಶಾಲೆಗೆ ಹೋಗುತ್ತಿದ್ದರು. ಮೊದಲ ದಿನ ಹೆದರಿಕೊಂಡು, ಮೂರನೇ ದಿನ ಕಳ್ಳ-ಪೊಲೀಸ್ ಆಡಿಕೊಂಡು.

ಹಿಂದಿನ ದಿನ ಮಧ್ಯಾಹ್ನ ಬಬಲೇಶ್ವರದಿಂದ ತಂಗಿ ಶಾಂತವ್ವನ ಫೋನು ಬಂದಿತ್ತು. "ಅಣ್ಣಾ, ಶೆಡ್ಡಿನೊಳಗ ಬೂದಿ ಬರಾಕತ್ತೈತಿ. ತಾಡಪತ್ರಿ ಕಟ್ಟಿದ್ದೆ, ಗಾಳಿಗೆ ಹರದು ಹೋತು. ಒಣಾ ತಾಡಪತ್ರಿಗೆ ಬಡದ ಬೂದಿ ಜಾರಿ ಒಳಗ ಬರತೈತಿ. ಹಸಿ ಅರಿವಿ ಕಟ್ಟಬೇಕು. ಹಳೇ ಅರಿವಿ ಎಷ್ಟ ಸಿಗತಾವ ಅಷ್ಟ ತಗೊಂಡು ಬಾ. ಬರೂವಾಗ ತಿಕೋಟಾದಾಗ ಗಂಗವ್ವಾಯಿನ್ನ ಕರಕೊಂಡು ಬಾ."

ಶೆಡ್ಡಿನಲ್ಲಿದ್ದದ್ದು ಅವಳ ದ್ರಾಕ್ಷಿ. ಗಂಡ ಈರಪ್ಪ, ಅವನ ಅಪ್ಪ, ಇಬ್ಬರೂ ಹಣ್ಣನ್ನು ಬಳ್ಳಿಯ ಮೇಲೆಯೇ ಮಾರಿ ಕೈತೊಳೆದುಕೊಳ್ಳುವವರು. ಈ ವರ್ಷ ಶಾಂತವ್ವ ಹಟ ಹಿಡಿದು ಶೆಡ್ ಹಾಕಿಸಿ, ಸಾಲುಸಾಲು ಜಾಳಿಗೆಯ ಮೇಲೆ ಹಣ್ಣು ಹರವಿದ್ದಳು. ಹದಿನೈದು ದಿನಕ್ಕೆ ಒಣದ್ರಾಕ್ಷಿಯಾಗಬೇಕು, ಹನ್ನೊಂದು ಕಳೆದಿದ್ದವು. ಆ ಹೊತ್ತಿಗೆ ಹಣ್ಣು ಅಂಟಂಟಾಗಿರುತ್ತದೆ. ಬೂದಿ ಕೂತರೆ ಏಳುವುದಿಲ್ಲ, ತೊಳೆದರೆ ಬಣ್ಣ ಉಳಿಯುವುದಿಲ್ಲ. "ಇದು ಕೆಟ್ಟರ ಇನ್ನ ಈ ಮನ್ಯಾಗ ನನ್ನ ಮಾತು ಯಾರೂ ಕೇಳಂಗಿಲ್ಲ" ಎಂದಳು. ಚಿಕ್ಕಂದಿನಿಂದ ಸುಲಭಕ್ಕೆ ಅಳುವ ಹುಡುಗಿಯಲ್ಲ ಅವಳು. ಆ ದನಿ ನಡುಗಿದ್ದು ಕೇಳಿ ನಾನು ಊಟ ಬಿಟ್ಟು ಸೀರೆ ಬೇಡಲು ಹೊರಟೆ.

ಸೀರೆಗಳ ಗಂಟು ದೊಡ್ಡದಾಯಿತು. ಕಟ್ಟಲು ಏನೂ ಸಾಲದೆ ಸುಮಂಗಲಾ ನನ್ನ ಹಾಸಿಗೆಯ ಕೌದಿಯನ್ನೇ ಎಳೆದು ಹಾಸಿದಳು. ಅದು ನಮ್ಮವ್ವ ಹೊಲಿದ ಕೊನೆಯ ಕೌದಿ. ಹಳೆ ಅರಿವೆ ಐದಾರು ಪದರ ಇಟ್ಟು, ಸಾಲು ಹಿಡಿದು ಕೈಹೊಲಿಗೆ ಹಾಕಿ, ಕೊನೆಯ ಮೂಲೆ ಮುಚ್ಚುವ ಮೊದಲು ಅವ್ವ ಅದರಲ್ಲಿ ಒಂದು ಚೂರು ಹೋಳಿಗೆ ಇಡುತ್ತಿದ್ದಳು. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂದು ಅವಳ ನಂಬಿಕೆ. "ಗಂಟು ಬಿಚ್ಚಿದ ಕೂಡಲೇ ಇದನ್ನ ಮಡಚಿ ಇಟ್ಕೋತೇನಿ" ಎಂದು ಸುಮಂಗಲಾಗೆ ಎರಡು ಸಲ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ.

ಬಸ್ ನಿಲ್ದಾಣಕ್ಕೆ ಆಟೊದವನು ಎಂಬತ್ತು ಕೇಳಿ ಎಪ್ಪತ್ತಕ್ಕೆ ಒಪ್ಪಿದ. ಬಸ್ಸಿನಲ್ಲಿ ಕಂಡಕ್ಟರ್ ಗಂಟಿನ ಸುತ್ತ ಕಣ್ಣಾಡಿಸಿ, ಒಳಗೇನು ಎಂದು ಕೇಳಿದ. ಸೀರೆ ಎಂದೆ. "ಹೆಣ್ಣಮಕ್ಕಳಿಗೆ ಟಿಕೀಟ್ ಇಲ್ಲ. ಹಂಗಾದ್ರ ಸೀರಿಗೂ ಇಲ್ಲ ಬಿಡ್ರಿ" ಎಂದು ನನ್ನೊಬ್ಬನ ಟಿಕೀಟು ಹರಿದ. ಹಿಂದಿನ ಸೀಟಿನ ಹೆಂಗಸರು ಕೆಮ್ಮುತ್ತಲೇ ನಕ್ಕರು.

ಅಥಣಿ ರಸ್ತೆಯ ಹೊಸ ಲೇಔಟುಗಳು ಮಾಸಲು ಪರದೆಯ ಹಿಂದೆ ಇದ್ದವು. ತೊರವಿ ದಾಟುವಾಗ ಎಂಟಾಗಿದ್ದರೂ ಎದುರಿನ ಲಾರಿಗಳು ದೀಪ ಹಾಕಿದ್ದವು. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಹುದಿತ್ತು. ಆದರೂ ರಸ್ತೆ ಬದಿಯಲ್ಲಿ ಹಾಲಿನ ಕ್ಯಾನು ಹೇರಿದ ಬೈಕುಗಳು ಓಡುತ್ತಿದ್ದವು, ಒಬ್ಬಾಕೆ ಮೂಗಿಗೆ ಸೆರಗು ಸುತ್ತಿಕೊಂಡು ಎಮ್ಮೆ ಮೈ ತೊಳೆಯುತ್ತಿದ್ದಳು. ಜನ ಹೊಗೆಗೂ ಒಂದು ಬದುಕು ಹೊಂದಿಸಿಕೊಂಡಿದ್ದರು.

ತಿಕೋಟಾದಲ್ಲಿ ಇಳಿದು ಒಂದು ಪ್ಲೇಟು ಚುರುಮುರಿ ಸೂಸಲಾ, ಎರಡು ಮಿರ್ಚಿ ತಿಂದೆ. ಬಾಣಲೆಗೆ ಬೂದಿ ಬೀಳದಂತೆ ಅಂಗಡಿಯವನು ಮೇಲೊಂದು ಕೊಡೆ ಕಟ್ಟಿದ್ದ. ಗಂಗವ್ವನ ಮನೆ ಅವನೇ ತೋರಿಸಿದ. ಎಪ್ಪತ್ತರ ಹತ್ತಿರದ ಹೆಂಗಸು, ಒಣದ್ರಾಕ್ಷಿ ಶೆಡ್ಡುಗಳಲ್ಲಿ ದುಡಿದೇ ತಲೆ ಹಣ್ಣಾಗಿದೆ. ಶಾಂತವ್ವನಿಗೆ ಈ ಕೆಲಸ ಕಲಿಸಿದವಳು ಅವಳೇ. ಗಂಟು ಬಿಚ್ಚಿಸಿ, ಒಂದು ಸೀರೆಯನ್ನು ಹಂಡೆಯಲ್ಲಿ ಅದ್ದಿ, ಎತ್ತಿ ಝಾಡಿಸಿದಳು. ನೀರೆಲ್ಲ ನೆಲಕ್ಕೆ ಹೋಯಿತು. ಇನ್ನೊಂದು ಅದ್ದಿದಳು. ಅದೂ ಹಾಗೆಯೇ.

"ಯಪ್ಪಾ, ಇವೆಲ್ಲಾ ಸಿಂಥೆಟಿಕ್. ನೀರ ಹಿಡಿಯೂದಿಲ್ಲ, ಗಾಳಿಗೆ ಹಾರತಾವ. ಒಂದರೆ ನೂಲಿನ ಸೀರಿ ಇಲ್ಲಲ್ಲೋ."

ಮೂವತ್ತೆಂಟರಲ್ಲಿ ಒಂದೂ ಇರಲಿಲ್ಲ. ನಮ್ಮ ಓಣಿಯವರು ನೂಲು ಉಡುವುದು ಬಿಟ್ಟು ಎಷ್ಟು ವರ್ಷವಾಯಿತೋ. ಮೂವತ್ತು ವರ್ಷ ಕಡತ ತಿರುವಿದವನು ಒಂದು ಸೀರೆಯನ್ನು ಕೈಯಲ್ಲಿ ಹಿಡಿದು ನೋಡಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಗಂಗವ್ವ ಕೂರಲಿಲ್ಲ. ಸೀರೆಗಳ ಕೆಳಗೆ ಹಾಸಿದ್ದ ಅವ್ವನ ಕೌದಿಯನ್ನು ಬೆರಳಲ್ಲಿ ಹಿಸುಕಿ ನೋಡಿದಳು. "ಇದು ಬೇಕು" ಎಂದಳು.

"ಇದೊಂದು ಬ್ಯಾಡ ಆಯಿ. ನಮ್ಮವ್ವಂದು" ಎಂದೆ.

ಅವಳು ಕೌದಿ ಬಿಟ್ಟು ಹೊರಗೆ ಹೋದಳು. ಓಣಿಯ ಬಾಗಿಲು ಬಾಗಿಲಿಗೆ ನಿಂತು, "ಕೌದಿ ಕೊಡ್ರೇ, ಬಬಲೇಶ್ವರದಾಗ ಹೆಣ್ಣಮಗಳ ಮಾಲು ಬೂದಿ ಆಗಾಕತ್ತೈತಿ" ಎಂದು ಕೂಗಿದಳು. ಒಂದು ಗಂಟೆಯಲ್ಲಿ ಇಪ್ಪತ್ತೆರಡು ಕೌದಿ ಬಂದವು. ಕೂಸು ಮಲಗಿಸುವವು, ಬೀಗರಿಗೆ ಹಾಸುವವು, ಕೆಂಪು ಅಂಚಿನವು. ನನಗೆ ಮುಖ ಎತ್ತಲಾಗಲಿಲ್ಲ.

ಅಲ್ಲಿಂದ ಬಬಲೇಶ್ವರಕ್ಕೆ ಆರುನೂರು ರೂಪಾಯಿಗೆ ಟಂಟಂ ಗಾಡಿ ಮಾಡಿದೆವು. ಗಂಗವ್ವ ಮುಂದೆ, ನಾನು ಹಿಂದೆ ಕೌದಿಗಳ ಮೇಲೆ. ಹೋದಂತೆ ಹೊಗೆ ದಟ್ಟವಾಯಿತು. ದೂರದ ಮಡ್ಡಿಯ ಮೇಲೆ ಬೆಂಕಿಯ ಸಾಲು ತೆಳ್ಳಗೆ ಹರಿದಾಡುತ್ತಿತ್ತು, ಜನ ಹಸಿ ಟೊಂಗೆಗಳಿಂದ ಬಡಿಯುತ್ತಿದ್ದರು. ನೀರಿನ ಟ್ಯಾಂಕರುಗಳು ಆ ಕಡೆಗೇ ಹೋಗುತ್ತಿದ್ದವು.

ಶೆಡ್ಡಿನ ಮುಂದೆ ಶಾಂತವ್ವ ತೊಯ್ದ ಗೋಣಿಚೀಲ ಹಿಡಿದು ನಿಂತಿದ್ದಳು. ಈರಪ್ಪ ಒಂದು ಕಡೆ ಕೈಕಟ್ಟಿ ನಿಂತಿದ್ದ. ನಮ್ಮನ್ನು ಕಂಡು, "ಬಳ್ಳಿ ಮ್ಯಾಲೆ ಮಾರಿದ್ರ ಇದೆಲ್ಲಾ ಇರತಿದ್ದಿಲ್ಲ" ಎಂದ. ಶಾಂತವ್ವ ಗೋಣಿಚೀಲ ಬಿಟ್ಟು ಕೌದಿ ಇಳಿಸತೊಡಗಿದಳು. ಉತ್ತರ ಗಂಗವ್ವ ಕೊಟ್ಟಳು: "ಅದನ್ನ ನಾಳೆ ಹೇಳು. ಈಗ ಪೈಪ್ ಹಿಡಿ."

ಗಾಳಿ ಪಡುವಣದಿಂದ. ಆ ಒಂದು ಮಗ್ಗುಲಿಗೆ ಮಾತ್ರ ಕಟ್ಟಬೇಕು, ಉಳಿದ ಮೂರು ಕಡೆ ತೆರೆದೇ ಇರಬೇಕು. ಇಲ್ಲದಿದ್ದರೆ ಹಣ್ಣು ಬೆವೆತು ಬೂಸಲು ಹಿಡಿಯುತ್ತದೆ ಎಂದು ಗಂಗವ್ವ ಹೇಳಿದಳು. ಬಾವಿಯ ನೀರಲ್ಲಿ ನೆನೆದ ಕೌದಿಯನ್ನು ಎತ್ತಲು ಇಬ್ಬರು ಬೇಕು. ತಂತಿಗೆ ಹಾಕಿ, ನನ್ನ ಸಿಂಥೆಟಿಕ್ ಸೀರೆಗಳನ್ನೇ ಹರಿದು ಹಗ್ಗ ಮಾಡಿ ಬಿಗಿದೆವು. ಅವು ಅಷ್ಟಕ್ಕಾದರೂ ಬಂದವಲ್ಲ ಎಂದು ಸಮಾಧಾನವಾಯಿತು. ಮೂರು ಗಂಟೆಗೆ ಇಪ್ಪತ್ತೆರಡೂ ಮುಗಿದವು. ದಕ್ಷಿಣದ ತುದಿಯಲ್ಲಿ ಒಂದು ಬಾಗಿಲಿನಷ್ಟು ಜಾಗ ಉಳಿಯಿತು. ಬೂದಿ ಆ ಸಂದಿಯಿಂದಲೇ ನುಗ್ಗತೊಡಗಿತು. ಶಾಂತವ್ವ ಅಲ್ಲಿ ಸೆರಗು ಹರಡಿ ತಾನೇ ನಿಂತಳು.

ಯಾರೂ ನನ್ನನ್ನು ಕೇಳಲಿಲ್ಲ. ಗಂಗವ್ವ ಬೇರೆ ಕಡೆ ನೋಡುತ್ತಿದ್ದಳು. ನಾನೇ ಬಾವಿಯ ಕಟ್ಟೆಗೆ ಹೋಗಿ, ಅಲ್ಲಿ ಮಡಚಿಟ್ಟಿದ್ದ ಅವ್ವನ ಕೌದಿಯನ್ನು ನೀರಿಗೆ ಅದ್ದಿದೆ. ಕಣ್ಣಲ್ಲಿ ನೀರು ಬಂತು. ಹೊಗೆಯ ನೆಪವಿತ್ತು, ಆದರೆ ಹೊಗೆಯಿಂದಲ್ಲ.

"ಅವ್ವಂದಲ್ಲೇನಣ್ಣಾ ಇದು?" ಎಂದಳು ಶಾಂತವ್ವ.

"ಹೌದು. ನಿನಗೂ ಆಕಿ ಅವ್ವನ ಅಲ್ಲೇನು" ಎಂದೆ. ಇಬ್ಬರೂ ಹಿಡಿದು ಕಟ್ಟಿದೆವು.

ಸಂಜೆಯ ತನಕ ಪೈಪು ಕೆಳಗಿಡದೆ ಕೌದಿಗಳಿಗೆ ನೀರು ಹೊಡೆದವನು ಈರಪ್ಪ. ಹೊತ್ತು ಮುಳುಗುವಾಗ ಗಾಳಿ ತಿರುಗಿತು. ಮಡ್ಡಿಯ ಬೆಂಕಿಯೂ ರಸ್ತೆಯ ಅಂಚಿಗೆ ಬಂದು ಸೋತಿದೆ ಎಂದು ಟ್ಯಾಂಕರಿನವರು ಹೇಳಿ ಹೋದರು. ರೊಟ್ಟಿ, ಶೇಂಗಾ ಚಟ್ನಿ ತಿಂದು ಬಿದ್ದವನಿಗೆ ಕೌದಿಯಿಲ್ಲದೆಯೂ ನಿದ್ದೆ ಬಂತು.

ಬೆಳಿಗ್ಗೆ ನೋಡಿದರೆ ಕೌದಿಗಳ ಹೊರಮೈ ಕಪ್ಪಗೆ ಮೆತ್ತಿತ್ತು. ಒಳಮೈಯಲ್ಲಿ ಹೂವಿನ ಬಣ್ಣ ಹಾಗೇ ಇತ್ತು. ಗಂಗವ್ವ ಒಂದೊಂದೇ ಜಾಳಿಗೆಯ ಹಣ್ಣನ್ನು ಮುಟ್ಟಿ, ನಾಲಗೆಗೆ ಇಟ್ಟು ನೋಡಿದಳು. ದಕ್ಷಿಣದ ತುದಿಯ ಎರಡು ಜಾಳಿಗೆ ಕೆಟ್ಟಿದ್ದವು. ಉಳಿದದ್ದೆಲ್ಲ ಎಳೆ ಹಸಿರು, ಚೊಕ್ಕ. "ಇನ್ನ ಎರಡ್ಮೂರ ದಿನ. ಆಮ್ಯಾಲೆ ಜರಡಿ ಹಿಡಿ" ಎಂದಳು ಶಾಂತವ್ವನಿಗೆ.

ಈರಪ್ಪ ಬಹಳ ಹೊತ್ತು ಶೆಡ್ಡಿನ ಒಳಗೇ ಅಡ್ಡಾಡಿದ. ಹೊರಗೆ ಬಂದು, ಹೆಂಡತಿಗೆ ಕೇಳುವಷ್ಟು ಮಾತ್ರ ದನಿಯಲ್ಲಿ, "ಬರೂ ವರ್ಷಕ್ಕ ಕೌದಿ ನಾವ ಹೊಲಿಸೂಣು. ಮಂದೀದು ಎಷ್ಟ ಸಲ ಕೇಳೂದು" ಎಂದ. ಶಾಂತವ್ವ ಕೆಳಗೆ ನೋಡುತ್ತ ಒಂದು ಕೆಟ್ಟ ಹಣ್ಣನ್ನು ಆರಿಸಿ ತೆಗೆದಳು. ಅವಳು ನಗು ತಡೆಯುವುದು ನನಗೆ ಹಳೆಯ ಪರಿಚಯ.

ಆ ದಿನವಿಡೀ ಕೌದಿ ತೊಳೆದು ಒಣಗಿಸುವುದಾಯಿತು. ಸಂಜೆ ಗಂಗವ್ವ ತನ್ನ ಓಣಿಯ ಇಪ್ಪತ್ತೆರಡನ್ನೂ ಎಣಿಸಿಕೊಂಡು ಬೇರೊಂದು ಟಂಟಂ ಹತ್ತಿದಳು. ಅವ್ವನ ಕೌದಿಯ ಕೊನೆಯ ಮೂಲೆ ತಂತಿಗೆ ಸಿಕ್ಕಿ ಬಿಚ್ಚಿತ್ತು. ಒಳಗೆ ಹೋಳಿಗೆಯ ಚೂರು ಎಂದೋ ಪುಡಿಯಾಗಿ ಹೋಗಿತ್ತು. ಶಾಂತವ್ವ ಜಾಳಿಗೆಯಿಂದ ಐದು ದ್ರಾಕ್ಷಿ ತಂದು ಆ ಮೂಲೆಯಲ್ಲಿಟ್ಟು, ಅವ್ವನ ಹಾಗೇ ಸಾಲು ಹಿಡಿದು ಹೊಲಿದು ಕೊಟ್ಟಳು.

ಮರುದಿನ ಬೆಳಿಗ್ಗೆ ನೇರ ಬಸ್ಸಿನಲ್ಲಿ ವಿಜಯಪುರಕ್ಕೆ ಹೊರಟೆ. ಹಿಂದಿರುಗಿ ನೋಡಿದಾಗ ಶೆಡ್ಡು, ಬಾವಿ, ಅದರಾಚೆಯ ಕರಿ ಮಡ್ಡಿ, ಎಲ್ಲ ಸ್ಪಷ್ಟವಾಗಿ ಕಂಡವು. ಆರು ದಿನದಿಂದ ಅಷ್ಟು ದೂರ ಕಂಡಿರಲಿಲ್ಲವಂತೆ.

ಮನೆಯಲ್ಲಿ ಸುಮಂಗಲಾ ಕೌದಿ ಬಿಚ್ಚಿ ಮೂಸಿದಳು. ಒಂದು ಮೈಯ ಕಪ್ಪು ಪೂರ್ತಿ ಹೋಗಿರಲಿಲ್ಲ. "ಇನ್ನೂ ಹೊಗಿ ನಾರಾಕತ್ತೈತಿ. ಸಾಬೂನಿನ್ಯಾಗ ನೆನಿ ಹಾಕತೇನಿ" ಎಂದಳು.

ನಾನು ಕೌದಿಯನ್ನು ಅವಳ ಕೈಯಿಂದ ಇಸಿದುಕೊಂಡು ಹಾಸಿಗೆಯ ಮೇಲೆ ಹಾಸಿದೆ.

"ಈಗ ಬ್ಯಾಡ" ಎಂದೆ. "ಉಂಡು ಬಂದೈತಿ."