ಬಾಣಂತಿಗೊಂದು ಲೈವ್

ಬೆಳಿಗ್ಗೆ ಬಾಗಿಲು ತೊಳೆದೆ, ವಡೆಗೆ ಉದ್ದಿನಬೇಳೆ ರುಬ್ಬಿದೆ, ಅಣ್ಣನ ಫೋಟೊದ ಗಾಜು ಒರೆಸಿದೆ, ಸ್ಟೂಲಿನ ಮೇಲೆ ಅಕ್ಕಿ ಡಬ್ಬಕ್ಕೆ ಒರಗಿಸಿ ಫೋನ್ ನಿಲ್ಲಿಸಿದೆ. ಅಂದು ಕುರುಬರಹಳ್ಳಿಯ ಮನೆಯಲ್ಲಿ ಅಣ್ಣನ ಹನ್ನೊಂದನೇ ದಿನದ ಕಾರ್ಯ. ಅವನ ಒಬ್ಬಳೇ ಮಗಳು ಹಸಿ ಬಾಣಂತಿ, ಶ್ರೀಗಂಧದ ಕಾವಲು ಬಡಾವಣೆಯಲ್ಲಿ ಗಂಡನ ಮನೆಯಲ್ಲಿದ್ದಳು. ಬಾಣಂತಿ ಸಾವಿನ ಮನೆಗೆ ಬರಬಾರದೆಂದು ಹಿರಿಯರು ಅವಳನ್ನು ಮಣ್ಣಿಗೂ ಬರಲು ಬಿಟ್ಟಿರಲಿಲ್ಲ.

ಹಿಂದಿನ ದಿನವೇ ಫೇಸ್‌ಬುಕ್ಕಿನಲ್ಲಿ ಬರೆದಿದ್ದೆ: ‘ಬರಲಾಗದವರು ಇದ್ದಲ್ಲಿಂದಲೇ ಕೈಮುಗಿಯಿರಿ. ಲೈವ್‌ನಲ್ಲಿ ಫೋಟೊ, ದೀಪ ಮಾತ್ರ ಕಾಣುತ್ತವೆ. ಅಳುವವರನ್ನು ತೋರಿಸುವುದಿಲ್ಲ.’ ಕಾಮೆಂಟ್ ಹಾಕಲು ಬಿಟ್ಟಿರಲಿಲ್ಲ.

ಫೋನ್ ಕಂಡು ಚಿಕ್ಕಪ್ಪ ಕೆರಳಿದರು. “ತಿಥೀನೂ ಸೀರಿಯಲ್ ಮಾಡ್ಬಿಟ್ಯೇನಮ್ಮ? ಬಾಣಂತಿ ಇದನ್ನೆಲ್ಲ ನೋಡಬಾರ್ದು. ಆಫ್ ಮಾಡು.”

“ಫೋನಲ್ಲೂ ಸೂತಕ ಅಂಟುತ್ತಾ ಚಿಕ್ಕಪ್ಪ? ಅಪ್ಪ ಹೋದ ಸುದ್ದಿ ಅವಳಿಗೆ ಫೋನಲ್ಲೇ ಹೇಳಿದ್ರಲ್ಲ ನೀವು.”

“ಎದುರು ಮಾತಾಡ್ತೀಯಾ?”

“ಆಡ್ತೀನಿ. ಅವಳಪ್ಪ ಕಣ್ರೀ, ಅವಳು ನೋಡ್ಲಿ.”

ಅವರು ಫೋನಿಗೆ ಕೈ ಚಾಚಿದರು. ನಾನು ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ. ಪೂಜೆ ಮುಗಿಯುವವರೆಗೂ ಸ್ಟೂಲಿನ ಪಕ್ಕದಿಂದ ಕದಲಲಿಲ್ಲ.

ಮಧ್ಯಾಹ್ನ ಅಣ್ಣನ ಮಗಳ ಫೋನ್ ಬಂತು. “ಅತ್ತೆ, ನೀವೆಲ್ಲ ಹೂ ಹಾಕುವಾಗ ನಾನೂ ಇಲ್ಲಿಂದ್ಲೇ ಫೋನ್ ಮುಂದೆ ಎರಡು ಹೂ ಇಟ್ಟೆ. ಮನೇಲಿ ಬೈದ್ರು. ಬೈಕೊಳ್ಲಿ ಬಿಡಿ.”

ರಾತ್ರಿ ಉಳಿದಿದ್ದ ವಡೆ, ಅನ್ನ, ಬೇಳೆಸಾರು ಉಂಡೆವು. ಚಿಕ್ಕಪ್ಪ ನನ್ನ ಕೈಯಲ್ಲಿ ಬಡಿಸಿಕೊಳ್ಳಲಿಲ್ಲ. ತಾವೇ ಹಾಕಿಕೊಂಡು ತಿಂದು, ಗೋಡೆಯ ಕಡೆ ತಿರುಗಿ ಎಲ್ಲರಿಗಿಂತ ಮೊದಲು ನಿದ್ದೆ ಹೋದರು.