ಮೂವರ ಹೆಸರಿನಲ್ಲಿ

ಮೊನ್ನೆ ಚನ್ನಪಟ್ಟಣದ ಓಣಿಯೊಂದರಲ್ಲಿ ನಡೆಯುತ್ತಿದ್ದಾಗ ಬಿಸಿ ಅರಗಿನ ವಾಸನೆ ಬಂತು. ಬೊಂಬೆ ಮಾಡುವವರು ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿದಾಗ ಏಳುವ ವಾಸನೆ. ನಿಂತುಬಿಟ್ಟೆ. ನಮ್ಮ ಸಭೆಯ ಹಿರಿಯಣ್ಣ ಭಾನುವಾರದ ಆರಾಧನೆಗೆ ಒಗೆದ ಅಂಗಿ ತೊಟ್ಟು ಬಂದರೂ ಮೈಯಿಂದ ಇದೇ ವಾಸನೆ ಬರುತ್ತಿತ್ತು...

ಅವರು ಬೊಂಬೆ ಕೆಲಸದವರು. ನಮ್ಮ ಪುಟ್ಟ ಕ್ರೈಸ್ತ ಸಭೆ ಒಮ್ಮೆ ಒಡೆದು ಚೂರಾಗಿತ್ತು. ಆಗಿದ್ದ ಪಾಸ್ಟರ್ ಎಲ್ಲವನ್ನೂ ತಾವೊಬ್ಬರೇ ತೀರ್ಮಾನಿಸುತ್ತಿದ್ದರು. ಎದುರಾಡಿದವರನ್ನು ಹೊರಗಿಟ್ಟರು, ಕೊನೆಗೆ ತಾವೂ ಊರು ಬಿಟ್ಟರು. ಬಾಗಿಲು ಮುಚ್ಚಿದ್ದ ಸಭೆಗಾಗಿ ಹಿರಿಯಣ್ಣ ಬಸ್ಸು ಹತ್ತಿ ರಾಮನಗರ, ಕನಕಪುರ, ಮರಳವಾಡಿ ಎಂದು ಮನೆಮನೆ ತಿರುಗಿ ಜನರನ್ನು ಮತ್ತೆ ಕೂಡಿಸಿದರು. ಎಲ್ಲರೂ ನೀವೇ ನಾಯಕರಾಗಿ ಎಂದರೆ ಅವರು ಒಪ್ಪಲಿಲ್ಲ.

"ಒಬ್ಬನ ಕೈಗೆ ಕೊಟ್ಟು ಕೆಟ್ಟಿದ್ದು ಸಾಕು. ಬೈಬಲ್‌ನಾಗೆ ಹಿರಿಯರು ಅಂತ ಐತೆ, ಯಜಮಾನ ಅಂತ ಇಲ್ಲ."

ಹಾಗೆ ಮೂವರು ಹಿರಿಯರಾದೆವು. ಅವರು, ರಾಮನಗರದ ಒಬ್ಬ ಟೈಲರ್, ಮತ್ತು ಹೈಸ್ಕೂಲ್ ಮೇಷ್ಟ್ರಾದ ನಾನು. ಯಾರ ಮೇಲೆ ದೂರು ಬಂದರೂ ಮೂವರೂ ಕೂತು, ಆ ವ್ಯಕ್ತಿಯ ಬಾಯಿಂದಲೇ ಕೇಳಿ, ಮೂವರೂ ಒಪ್ಪಿದ ಮೇಲೇ ತೀರ್ಮಾನ. ಇದು ಕಟ್ಟಳೆ.

ಅದನ್ನು ಮುರಿದವನು ನಾನು.

ಹಿರಿಯಣ್ಣ ಹೆಂಡತಿಯ ಕಣ್ಣಿನ ಆಪರೇಷನ್‌ಗೆಂದು ಮೈಸೂರಿಗೆ ಹೋಗಿದ್ದರು. ಮರಳವಾಡಿಯ ಒಬ್ಬ ವಿಧವೆ, ನಮ್ಮ ಸಭೆಯವಳು, ಮಾರಮ್ಮನ ಗುಡಿಗೆ ಹೋಗಿದ್ದಳೆಂಬ ದೂರು ಬಂತು. ಟೈಲರ್ "ಅಣ್ಣ ಬರ್ಲಿ ತಡೀರಿ" ಎಂದರು. ಶಿಸ್ತು ಸಡಿಲಾದರೆ ಸಭೆ ಮತ್ತೆ ಒಡೆಯುತ್ತದೆಂದು ನಾನು ಕಾಯಲಿಲ್ಲ. ಭಾನುವಾರ, ಯೇಸುವಿನ ನೆನಪಿಗೆ ಎಲ್ಲರೂ ಹಂಚಿಕೊಳ್ಳುವ ಕರ್ತನ ಭೋಜನದ ರೊಟ್ಟಿ ಮುರಿಯುವ ಮುಂಚೆ ಎದ್ದು ನಿಂತು, ಅವಳು ಅದನ್ನು ತೆಗೆದುಕೊಳ್ಳಬಾರದೆಂದು ಮೂವರು ಹಿರಿಯರ ಹೆಸರಿನಲ್ಲಿ ಹೇಳಿದೆ. ಅವಳು ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದಳು. ಚಪ್ಪಲಿಯನ್ನು ಕಾಲಿಗೆ ಹಾಕದೆ ಕೈಯಲ್ಲೇ ಹಿಡಿದು ಹೋದಳು...

ಮೈಸೂರಿಂದ ಬಂದ ಹಿರಿಯಣ್ಣ ವಿಷಯ ಕೇಳಿ ಮೊದಲು ಅವಳ ಮನೆಗೆ ಹೋದರು, ಆಮೇಲೆ ನನ್ನ ಮನೆಗೆ ಬಂದರು.

"ಅವ್ಳ ಅತ್ತೆ ಮಾರಮ್ಮನ ಒಕ್ಲು, ಮಂಡಿ ನೋವು ಬೇರೆ ಮೇಷ್ಟ್ರೇ. ಕೈ ಹಿಡ್ಕೊಂಡು ಮೆಟ್ಲು ಹತ್ಸಿ, ಇವ್ಳು ಆಚೇನೇ ನಿಂತಿದ್ಲಂತೆ. ಒಂದ್ ಮಾತು ಕೇಳ್ಬೇಕಿತ್ತು. ನಡೀರಿ, ಇಬ್ರೂ ಹೋಗಿ ತಪ್ಪಾಯ್ತು ಅನ್ನಾನ."

ಪರೀಕ್ಷೆಯ ಪೇಪರ್ ತಿದ್ದುವುದಿದೆ ಎಂದೆ. ಅವರು ಒತ್ತಾಯ ಮಾಡಲಿಲ್ಲ. ಒಬ್ಬರೇ ಮತ್ತೆ ಬಸ್ಸು ಹತ್ತಿದರು.

ಮುಂದಿನ ಭಾನುವಾರ ಅವರು ಸಭೆಯ ಮುಂದೆ ಎದ್ದು ನಿಂತರು. ಅವರು ನನ್ನ ಹೆಸರೆತ್ತಲಿಲ್ಲ. "ತಂಗಿನ ಕೇಳ್ದೆ ತೀರ್ಮಾನ ಮಾಡ್ಬುಟ್ವಿ. ನಾವು ಮೂವರೂ ತಪ್ಪು ಮಾಡಿದ್ದೀವಿ, ಕ್ಷಮಿಸಿ" ಎಂದು ಕೈಮುಗಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಜನ ಅದನ್ನು ವಿನಯವೆಂದುಕೊಂಡರು.

ಹೊರಗೆ ಬಂದ ಮೇಲೆ ಕೇಳಿದೆ, "ನೀವು ಊರಲ್ಲೇ ಇರಲಿಲ್ಲವಲ್ಲ ಅಣ್ಣ?"

"ಮೂವರ ಹೆಸ್ರು ಹೇಳುದ್ರಲ್ಲ, ತಪ್ಪೂ ಮೂವರ್ದೇ." ಚಪ್ಪಲಿ ಮೆಟ್ಟಿಕೊಂಡು ಮತ್ತೆ ಹೇಳಿದರು. "ನಿಮ್ ಪಾಲಿಂದು ಮಾತ್ರ ನೀವೇ ಹೇಳ್ಬೇಕು. ಅದ್ನ ನಾನು ಹೇಳಕ್ಕಾಗಕಿಲ್ಲ."

ಹೇಳುತ್ತೇನೆ ಎಂದುಕೊಂಡೆ. ಈ ಭಾನುವಾರ ಬೇಡ, ಮುಂದಿನದು... ಹಾಗೆ ಮೂರು ವರ್ಷ ಕಳೆಯಿತು. ಒಂದು ದಿನ ಕೆಲಸಕ್ಕೆ ಕೂತಲ್ಲೇ ಎದೆನೋವು ಬಂದು ಅವರು ಹೋದರು. ಅವರ ಸಮಾಧಿಯ ಬಳಿ ಪ್ರಾರ್ಥನೆ ಮಾಡಿದವನೂ ನಾನೇ. ಆಗಲೂ ಹೇಳಲಿಲ್ಲ. ಆ ಹೆಂಗಸು ಸಭೆಗೆ ಮತ್ತೆ ಬರಲೇ ಇಲ್ಲ.

ಇವತ್ತು ಶನಿವಾರ. ಬೆಳಿಗ್ಗೆ ಮರಳವಾಡಿಗೆ ಹೋಗಿದ್ದೆ. ಅವಳ ತಲೆ ಪೂರಾ ನರೆತಿದೆ. ನನ್ನ ಗುರುತು ಹಿಡಿದು ಕುಡಿಯಲು ನೀರು ಕೊಟ್ಟಳು. ತಪ್ಪು ನನ್ನೊಬ್ಬನದೇ ಎಂದು ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಣ್ಣ ಅವತ್ತೇ ಅಂದಿದ್ರು, 'ಮೇಷ್ಟ್ರು ಬತ್ತಾರೆ ಕಣವ್ವ, ಒಸಿ ಟೈಮ್ ಕೊಡು' ಅಂತ. ಒಂದ್ ವರ್ಷ ದಾರಿ ನೋಡ್ದೆ. ಆಮ್ಯಾಕೆ ಬುಟ್ಬುಟ್ಟೆ."

ಮತ್ತೆ ಸಭೆಗೆ ಬಾ ಎನ್ನಲು ನನಗೆ ಬಾಯಿ ಬರಲಿಲ್ಲ.

ಸಭೆ ಈಗಲೂ ನಡೆಯುತ್ತಿದೆ, ಐವರು ಹಿರಿಯರಿದ್ದೇವೆ. ನಾಳೆ ಎದ್ದು ನಿಂತು ನನ್ನ ಪಾಲಿನ ಮಾತು ಹೇಳಬೇಕೆಂದಿದ್ದೇನೆ. ಅದನ್ನು ಅಲ್ಲಿ ಕೂತು ಕೇಳಬೇಕಾಗಿದ್ದ ಹಿರಿಯಣ್ಣ, ಅವಳು, ಇಬ್ಬರೂ ಇರುವುದಿಲ್ಲ.