ಅರ್ಧ ನಿಮಿಷದ ಅಸಮತೆ

ಶಿವರಂಜನಿಗೆ 'ಟ್ರಿಕ್' ಎಂಬ ಪದ ಕೇಳಿದರೆ ಹೇಸಿಗೆ. ಸೊಪ್ಪಿನಲ್ಲಿ ಹುಳ ಕಂಡರೂ ಆಕೆ ಅಷ್ಟು ಮುಖ ಸಿಂಡರಿಸುವುದಿಲ್ಲ. ದಾವಣಗೆರೆಯಲ್ಲಿ ಎಂಎಸ್ಸಿ ಮುಗಿಸಿ, ಮದುವೆಯಾಗಿ ಹೊಸಹಳ್ಳಿಗೆ ಬಂದವಳು ಮನೆಯಲ್ಲಿ ಸುಮ್ಮನೆ ಕೂರಲಾರದೆ ಗೋವಿಂದರಾಜನಗರದ ಕೋಚಿಂಗ್ ಸೆಂಟರಿಗೆ ಸೇರಿಕೊಂಡಳು. ಕೆಳಗೆ ಸೀರೆ ಅಂಗಡಿ, ಮೇಲಿನ ಮಹಡಿಯಲ್ಲಿ ಪಿಯುಸಿ ಗಣಿತ. ಅಲ್ಲೇ ಪಾಠ ಮಾಡುತ್ತ ಮಾಡುತ್ತ ಆಕೆಗೆ ನಲವತ್ತು ಹತ್ತಿರವಾಯಿತು.

ಆಕೆಗೆ ಬಲು ಪ್ರೀತಿಯ ಪಾಠ ಅಸಮತೆಗಳದ್ದು. ಸಮೀಕರಣ ಬಿಡಿಸಿ ಬೀಗುವ ಮಕ್ಕಳು ಅಲ್ಲಿಗೆ ಬಂದ ಕೂಡಲೇ ಎಡವುತ್ತಾರೆ. ಎರಡು ಐದಕ್ಕಿಂತ ಚಿಕ್ಕದು, ಸರಿ. ಎರಡಕ್ಕೂ ಮೈನಸ್ ಹಚ್ಚಿದರೆ? ಮೈನಸ್ ಎರಡು ಮೈನಸ್ ಐದಕ್ಕಿಂತ ದೊಡ್ಡದಾಗಿಬಿಡುತ್ತದೆ. ಅದಕ್ಕೇ ಋಣ ಸಂಖ್ಯೆಯಿಂದ ಭಾಗಿಸಿದಾಗ ಚಿಹ್ನೆ ತಿರುಗಿಸಬೇಕು. x ಧನವೋ ಋಣವೋ ತಿಳಿಯದೆ ಅದರಿಂದ ಭಾಗಿಸುವವರು ಕಣ್ಣು ಮುಚ್ಚಿಕೊಂಡು ಮಾಗಡಿ ರಸ್ತೆ ದಾಟುವವರಂತೆ ಎಂದು ಆಕೆ ಪ್ರತಿ ವರ್ಷವೂ ಹೇಳುತ್ತಾಳೆ.

ಸೆಂಟರಿನ ಮಾಲೀಕ ಚನ್ನವೀರೇಶನಿಗೆ ಗಣಿತದ ಗಂಧವಿಲ್ಲ, ವ್ಯಾಪಾರ ಮಾತ್ರ ನೀರು ಕುಡಿದಷ್ಟು ಸಲೀಸು. ಅಡ್ಮಿಷನ್ ಸಮಯದಲ್ಲಿ ಆತ ಬೆಣ್ಣೆ ಹಚ್ಚುತ್ತ ಬಂದ. "ಮೇಡಂ, ಒಂದು ಅರ್ಧ ನಿಮಿಷದ ರೀಲ್ ಮಾಡೋಣ. ನಿಮ್ ಥರ ಇನ್ಯಾರು ಹೇಳ್ತಾರೆ?"

ಆಕೆ x² > 5x ಎಂದು ಬೋರ್ಡಿನ ಮೇಲೆ ಬರೆದಳು. x ಧನವಾದರೆ ಎರಡೂ ಕಡೆ x ಹೊಡೆದು ಹಾಕಬಹುದು, x > 5 ಬರುತ್ತದೆ ಎಂದಳು. "ಆದ್ರೆ ತಾಳಿ, ಇದು ಅರ್ಧ ಉತ್ತರ" ಎಂದು ಋಣ ಸಂಖ್ಯೆಗಳ ಕಥೆಯನ್ನೂ ಹೇಳಿದಳು. ವಾರ ಕಳೆದು ಫೋನಿನಲ್ಲಿ ನೋಡಿದರೆ ಹಿಂದೂ ಇಲ್ಲ, ಮುಂದೂ ಇಲ್ಲ. x ಹೊಡೆದು ಹಾಕಬಹುದು, x > 5, ಅಷ್ಟೇ. ಮೇಲೆ ಡೊಳ್ಳಿನ ಸದ್ದು, ಚಿನ್ನದ ಅಕ್ಷರಗಳಲ್ಲಿ 'ಶಿವರಂಜನಿ ಮಿಸ್ ಸೂಪರ್ ಟ್ರಿಕ್'. ಹದಿನೈದು ವರ್ಷ ಮಕ್ಕಳಿಗೆ ಬೇಡ ಬೇಡ ಎಂದದ್ದನ್ನು ತನ್ನದೇ ಬಾಯಿ ಹೇಳುತ್ತಿತ್ತು. ಫೋನ್ ಹಿಡಿದುಕೊಂಡೇ ಆಕೆ ಮಾಲೀಕನ ರೂಮಿಗೆ ಹೋದಳು.

ಚನ್ನವೀರೇಶ ಖಾರಾ ಬನ್ ತಿನ್ನುತ್ತಿದ್ದ.

"ಸಾರ್, ಇದು ತಪ್ಪು. ಮೈನಸ್ ಎರಡು ಹಾಕಿ ನೋಡಿ. ಈ ಕಡೆ ನಾಲ್ಕು, ಆ ಕಡೆ ಮೈನಸ್ ಹತ್ತು. ನಾಲ್ಕೇ ದೊಡ್ಡದಲ್ವಾ? ನೆಗೆಟಿವ್ ನಂಬರ್ ಎಲ್ಲಾ ಉತ್ತರಾನೇ. ಅದನ್ನೇ ಕತ್ತರಿಸಿದೀರಿ."

"ಗೊತ್ತು ಮೇಡಂ," ಎಂದ ಆತ ಮೀಸೆಯ ಮೇಲಿನ ಪುಡಿ ಒರೆಸಿಕೊಳ್ಳದೆ. "ತಪ್ಪಿರೋದಕ್ಕೇ ಓಡ್ತಾ ಇರೋದು. ತಪ್ಪು ಅಂತ ಹೇಳೋಕೆ ಜನ ಬಂದು ಕಮೆಂಟ್ ಹಾಕ್ತಾರೆ. ಕಮೆಂಟ್ ಬಂದಷ್ಟೂ ಇನ್ನಷ್ಟು ಜನಕ್ಕೆ ಹೋಗುತ್ತೆ."

ತಿಳಿಯದೆ ಮಾಡಿದ್ದರೆ ತಿಳಿಹೇಳಬಹುದಿತ್ತು. ತಿಳಿದೂ ತಿಳಿದೂ ಮಾಡಿದವನಿಗೆ ಏನು ಹೇಳುವುದು? ಮನೆಗೆ ಹೋದವಳೇ ರೀಲಿನ ಕೆಳಗೆ, 'ನಾನೇ ಶಿವರಂಜನಿ. ಇದು ಅರ್ಧ ಉತ್ತರ, ನಂಬಬೇಡಿ' ಎಂದು ಬರೆದಳು. ಬೆಳಗಾಗುವುದರಲ್ಲಿ ಆ ಕಮೆಂಟ್ ಮಾಯವಾಗಿತ್ತು.

"ತೆಗೆದುಬಿಟ್ಟೆ ಮೇಡಂ, ಬೇಜಾರ್ ಮಾಡ್ಕೋಬೇಡಿ," ಎಂದ ಚನ್ನವೀರೇಶ. "ನೀವೇ ತಪ್ಪು ಅಂದ್ಬಿಟ್ರೆ ಜನ ಜಗಳ ಆಡೋದು ನಿಲ್ಲಿಸ್ತಾರೆ. ಶುಕ್ರವಾರ ಇನ್ನೊಂದು ಮಾಡೋಣ."

ಆ ಕ್ಷಣವೇ ಚಪ್ಪಲಿ ಮೆಟ್ಟಿ ಹೊರಟುಬಿಡಬೇಕಿತ್ತು. ಆಕೆ ಹೊರಡಲಿಲ್ಲ. ಊರು ಏನಾದರೂ ನೋಡಿಕೊಳ್ಳಲಿ, ತನ್ನ ತರಗತಿಯ ಮಕ್ಕಳಿಗೆ ತಾನು ಪೂರ್ತಿ ಹೇಳಿಕೊಟ್ಟಿದ್ದೇನಲ್ಲ, ಅವರು ಕೆಡುವುದಿಲ್ಲ ಎಂಬ ಧೈರ್ಯ ಒಂದಿತ್ತು. ಟೆಸ್ಟಿಗೆ ಬೇಕೆಂದೇ ಅದೇ ಲೆಕ್ಕ ಕೊಟ್ಟಳು.

ಶುಕ್ರವಾರ ಪೇಪರ್ ತಿದ್ದುವಾಗ ಸ್ಪಂದನಳದ್ದು ಕೈಗೆ ಬಂತು. ಸ್ಪಂದನ ಬಸವೇಶ್ವರನಗರದ ಹುಡುಗಿ, ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವರ ಮಗಳು. ಏಕೆ, ಹೇಗೆ ಎಂದು ಕೇಳದೆ ಒಂದು ಸಾಲನ್ನೂ ಬರೆದುಕೊಳ್ಳುವವಳಲ್ಲ. ಎಲ್ಲವನ್ನೂ ಒಂದೇ ಕಡೆಗೆ ತಂದು, ಸಂಖ್ಯಾರೇಖೆ ಎಳೆದು, ಸೊನ್ನೆ ಮತ್ತು ಐದನ್ನು ಗುರುತಿಸಿ, ಒಂದೊಂದು ಭಾಗಕ್ಕೂ ಒಂದು ಸಂಖ್ಯೆ ಹಾಕಿ ನೋಡಿ, x ಸೊನ್ನೆಗಿಂತ ಚಿಕ್ಕದು ಅಥವಾ ಐದಕ್ಕಿಂತ ದೊಡ್ಡದು ಎಂದು ಮುತ್ತಿನಂತೆ ಬರೆದಿದ್ದಳು. ಆಮೇಲೆ ಅಷ್ಟನ್ನೂ ಅಡ್ಡಗೆರೆ ಎಳೆದು ಹೊಡೆದು ಹಾಕಿದ್ದಳು. ಕೆಳಗೆ ಒಂದೇ ಸಾಲು: x > 5.

ಶಿವರಂಜನಿ ಅವಳನ್ನು ಕರೆದಳು. "ಸರಿ ಇದ್ದಿದ್ದನ್ನ ಯಾಕೆ ಹೊಡೆದು ಹಾಕ್ದೆ?"

"ರೀಲ್‌ನಲ್ಲಿ ನೀವು ಬೇರೆ ಥರ ಹೇಳಿದ್ರಲ್ಲ ಮಿಸ್. ನನ್ನದೇ ತಪ್ಪಿರಬೇಕು ಅಂದ್ಕೊಂಡೆ."

"ಅದು ತಪ್ಪು ಕಣೇ. ನಾನು ಹೇಳಿದ್ದನ್ನ ಕತ್ತರಿಸಿ ಹಾಕಿದಾರೆ."

ಸ್ಪಂದನ ತಾನು ಎಳೆದ ಅಡ್ಡಗೆರೆಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಹಾಗಾದ್ರೆ ಮಿಸ್, ಇನ್ನೂ ಏನೇನು ತಪ್ಪು ಹೇಳ್ಕೊಟ್ಟಿದೀರಿ?"

ಆ ದನಿಯಲ್ಲಿ ಉದ್ಧಟತನ ಇರಲಿಲ್ಲ, ಬರೀ ಭಯವಿತ್ತು. ಉದ್ಧಟತನವಾಗಿದ್ದರೆ ಶಿವರಂಜನಿ ತಡೆದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಚನ್ನವೀರೇಶ ಬಾಗಿಲಲ್ಲಿ ಇಣುಕಿದ. "ಮೇಡಂ, ಲೈಟ್ ರೆಡಿ. ಬನ್ನಿ."

"ಬರಲ್ಲ ಸಾರ್."

"ಹಾಗಾದ್ರೆ ನಾಳೆಯಿಂದ ಕ್ಲಾಸಿಗೂ ಬರೋದು ಬೇಡ," ಎಂದು ಆತ ನಗುತ್ತಲೇ ಹೇಳಿ ಹೋದ.

ಆ ನಗುವಿಗೆ ಹೇಸಲೂ ಆಕೆಗೆ ಪುರುಸೊತ್ತಿರಲಿಲ್ಲ. ಕುರ್ಚಿ ಎಳೆದು ಹುಡುಗಿಯ ಪಕ್ಕ ಕುಳಿತಳು. "ನೋಟ್ಸ್ ತೆಗಿ. ಮೊದಲನೇ ಪಾಠದಿಂದ ನೋಡೋಣ. ಮಿಸ್ ಹೇಳಿದ್ದು ಅಂತ ಒಂದನ್ನೂ ಒಪ್ಕೋಬೇಡ."

ಸ್ಪಂದನ ನೋಟ್ಸ್ ತೆರೆದಳು. ಮಿಸ್ ಮುಖ ಮಾತ್ರ ನೋಡಲಿಲ್ಲ.